ವಿಳಾಸದ ಕಡೆ ನೋಡುವ ಮುಖ

ಆಷಾಢ ಶುರುವಾದಾಗಿನಿಂದ ನನ್ನ ಮೇಜಿನ ಮೇಲೆ ಒಂದು ಮುಖ ಅರ್ಧಕ್ಕೆ ನಿಂತಿದೆ. ಹೊರಗೆ ಮಳೆ ಬಿಟ್ಟೂ ಬಿಡದೆ ಹೊಯ್ಯುತ್ತಿದೆ. ಒಳಗೆ ನಾನು ಪೆನ್ಸಿಲ್ ಹಿಡಿದು ಕೂತಿದ್ದೇನೆ. ಒಂದು ಮೂಗು ಬರೆಯುತ್ತೇನೆ, ನೋಡುತ್ತೇನೆ, ಅಳಿಸುತ್ತೇನೆ. ಕಾಗದ ಥಂಡಿಗೆ ಮೆತ್ತಗಾಗಿದೆ, ರಬ್ಬರ್ ತಿಕ್ಕಿದರೆ ಸಿಪ್ಪೆ ಏಳುತ್ತದೆ. ನಮ್ಮ ಸಾಗರ ತಾಲ್ಲೂಕಿನ ಒಂದು ಸಮಿತಿಯವರು ಕೆಳದಿ ಚೆನ್ನಮ್ಮನ ಹೆಸರಿನಲ್ಲಿ ಅಂಚೆಯ ವಿಶೇಷ ಲಕೋಟೆ ಮಾಡಿಸಬೇಕು ಅಂತ ಓಡಾಡುತ್ತಿದ್ದಾರೆ. ನಾನು 19 ವರ್ಷದಿಂದ ಡ್ರಾಯಿಂಗ್ ಕಲಿಸುವವಳು, ಇದೇ ಊರಿನವಳು. ಹಾಗಾಗಿ ಚಿತ್ರದ ಕೆಲಸ ನನ್ನ ಪಾಲಿಗೆ ಬಂತು. "ಮುಂದೆ ಸ್ಟ್ಯಾಂಪೇ ಆಗಬಹುದು ಮೇಡಂ, ಸ್ಟ್ಯಾಂಪಿಗೂ ಹೊಂದೋ ಹಾಗೆ ಬರೆದುಕೊಡಿ. ಜಾಸ್ತಿ ಏನೂ ಬೇಡ, ಒಂದು ಚಂದದ ಮುಖ ಸಾಕು" ಅಂದರು. ಆ "ಸಾಕು" ಅನ್ನುವ ಮಾತು ಮೂರು ವಾರದಿಂದ ನನ್ನನ್ನು ಕಾಡುತ್ತಿದೆ.

ಯಾಕೆಂದರೆ ಚೆನ್ನಮ್ಮಾಜಿ ನೋಡೋಕೆ ಹೇಗಿದ್ದರು ಅಂತ ಹೇಳುವ ಒಂದು ಚಿತ್ರವೂ ನನ್ನ ಕೈಯಲ್ಲಿಲ್ಲ. ಕ್ಯಾಲೆಂಡರಿನ ರಾಣಿಯರಿದ್ದಾರೆ. ಶಾಲೆಯ ನಾಟಕದ ಬ್ಯಾನರುಗಳಿವೆ. ಅವೆಲ್ಲ ನಮ್ಮ ಕಾಲದವರು ಮನಸ್ಸಿನಲ್ಲೇ ಕಟ್ಟಿಕೊಂಡ ಮುಖಗಳು. ಎಷ್ಟೋ ಕಡೆ ಕಿತ್ತೂರು ಚೆನ್ನಮ್ಮನ ಚಿತ್ರವನ್ನೇ ಎತ್ತಿ ಕೆಳದಿ ಚೆನ್ನಮ್ಮ ಅಂತ ಕೆಳಗೆ ಹೆಸರು ಬರೆದಿರುತ್ತಾರೆ. ಒಬ್ಬರು ಔರಂಗಜೇಬನ ಕಾಲದವರು, ಇನ್ನೊಬ್ಬರು 1824ರಲ್ಲಿ ಕಂಪನಿಯ ಸೈನ್ಯವನ್ನು ಎದುರಿಸಿದವರು. ನಡುವೆ ನೂರು ವರ್ಷಕ್ಕೂ ಜಾಸ್ತಿ ಇದೆ. ಕಿತ್ತೂರಿನ ರಾಣಿಗೆ 1977ರಲ್ಲೇ ಅಂಚೆಚೀಟಿ ಬಂತು. ಒಂದು ಸಲ ಒಂದು ಮುಖ ಅಂಚೆಚೀಟಿಯ ಮೇಲೆ ಬಂದರೆ ಅದೇ ಆ ಮನುಷ್ಯರ ಮುಖ ಆಗಿಬಿಡುತ್ತದೆ. ಮಕ್ಕಳು ಅದನ್ನೇ ನೋಡಿ ಬರೆಯುತ್ತಾರೆ, ಬ್ಯಾನರಿನವರು ಅದನ್ನೇ ದೊಡ್ಡದು ಮಾಡುತ್ತಾರೆ. ನನ್ನ ಹೆದರಿಕೆ ಇರುವುದು ಅಲ್ಲೇ. ನಾನು ಬರೆದ ಮೂಗನ್ನು ನಾಳೆ ಯಾರೋ ಒಂದು ಮಗು ಚೆನ್ನಮ್ಮಾಜಿಯ ಮೂಗು ಅಂತ ನಂಬುತ್ತದೆ, ಅಲ್ವಾ?

ಜಗಲಿಯ ಪೋಸ್ಟಾಫೀಸು

ಅಂಚೆಚೀಟಿಯ ಮೇಲಿನ ಮುಖವನ್ನು ನಾನು ಮೊದಲು ಹತ್ತಿರದಿಂದ ನೋಡಿದ್ದು ಸೋದರಮಾವನ ಮನೆಯಲ್ಲಿ. ಮಾವ ಹೊಸನಗರದ ಕಡೆಯ ಒಂದು ಹಳ್ಳಿಯಲ್ಲಿ ಬ್ರಾಂಚ್ ಪೋಸ್ಟ್ ಮಾಸ್ಟರ್ ಆಗಿದ್ದರು. ಪೋಸ್ಟಾಫೀಸು ಅಂದರೆ ಮನೆಯ ಜಗಲಿಯ ಒಂದು ಮೂಲೆ. ಒಂದು ಮೇಜು, ಕಬ್ಬಿಣದ ಪೆಟ್ಟಿಗೆ, ಸಣ್ಣ ತಕ್ಕಡಿ, ಇಂಕ್ ಪ್ಯಾಡು, ಮರದ ಹಿಡಿಯ ಠಸ್ಸೆ. ಮಳೆಗಾಲದಲ್ಲಿ ಅಂಚೆಚೀಟಿಗಳು ಒಂದಕ್ಕೊಂದು ಅಂಟಿಕೊಳ್ಳದ ಹಾಗೆ ಮಾವ ಅವುಗಳ ನಡುವೆ ತೆಳು ಕಾಗದ ಇಟ್ಟಿರುತ್ತಿದ್ದರು. ಮಧ್ಯಾಹ್ನದ ಬಸ್ಸಿಗೆ ಟಪಾಲು ಚೀಲ ಹೋಗಬೇಕು. ಅದಕ್ಕೆ ಮೊದಲು ಅರ್ಧ ಗಂಟೆ ಜಗಲಿಯಲ್ಲಿ ಠಸ್ಸೆಯ ಸದ್ದು. ಪ್ಯಾಡಿಗೊಂದು ಪೆಟ್ಟು, ಕಾಗದಕ್ಕೊಂದು ಪೆಟ್ಟು.

ನನಗೆ ಆಗ ಏಳೆಂಟು ವರ್ಷ. ಗಾಂಧೀಜಿಯ ಮುಖದ ಮೇಲೆ ಕಪ್ಪು ಮಸಿಯ ಪೆಟ್ಟು ಬೀಳುವುದನ್ನು ನೋಡಿ ನನಗೆ ಅಳುವೇ ಬಂದಿತ್ತು. ಮಾವ ಠಸ್ಸೆ ಕೆಳಗಿಟ್ಟು ನನ್ನನ್ನು ಹತ್ತಿರ ಕರೆದರು. "ಇಲ್ಲಿ ನೋಡು ಕೂಸೇ, ಅವರ ಮುಖಕ್ಕೆ ಹೊಡೆದಿಲ್ಲ" ಅಂತ ಕಾಗದ ತಿರುಗಿಸಿ ತೋರಿಸಿದರು. ಠಸ್ಸೆಯ ದುಂಡು ಗೆರೆ ಚೀಟಿಯ ಮೂಲೆಯನ್ನು ಮಾತ್ರ ಹಿಡಿದಿತ್ತು. ಭುಜದ ಹತ್ತಿರ ಬಂದು ನಿಂತಿತ್ತು. ಚೀಟಿಯನ್ನು ಇನ್ನೊಂದು ಸಲ ಬಳಸೋಕೆ ಆಗಬಾರದು, ಅಷ್ಟಕ್ಕೆ ಮೂಲೆ ಸಾಕು. ಮುಖ ಇರುವ ಚೀಟಿಗೆಲ್ಲ ಮಾವ ಹಾಗೇ ಹೊಡೆಯುತ್ತಿದ್ದರು. ಹೂವು, ವಿಮಾನ, ಕಾರ್ಖಾನೆ ಇದ್ದರೆ ನಡುವಿಗೇ ಬೀಳುತ್ತಿತ್ತು. ಈಗ ಯೋಚಿಸಿದರೆ, ಒಂದು ಅಂಗುಲದ ಕಾಗದದ ಮೇಲೆ ಮುಖ ಇದ್ದರೆ ಮನುಷ್ಯರ ಕೈ ತಾನಾಗೇ ತಡೆಯುತ್ತದೆ ಅಂತ ನಾನು ಕಲಿತಿದ್ದು ಅಲ್ಲಿ.

ಅದೇ ಜಗಲಿಯ ಕಂಬಕ್ಕೆ ಒಂದು ಕೊಕ್ಕೆ ತಂತಿ ನೇತಾಡುತ್ತಿತ್ತು. ಅಜ್ಜನ ಕಾಲದಿಂದ ಬಂದ ಕಾಗದಗಳನ್ನೆಲ್ಲ ಅದಕ್ಕೆ ಚುಚ್ಚಿಟ್ಟಿದ್ದರು. ಕೆಳಗಿನ ಕಾಗದಗಳು ಹೊಗೆ ಹಿಡಿದು ಅಡಿಕೆಯ ಬಣ್ಣಕ್ಕೆ ತಿರುಗಿದ್ದವು. ಅವುಗಳ ಮೇಲೆಲ್ಲ ಆರನೇ ಜಾರ್ಜ್. ಅಡಿಕೆ ಮಂಡಿಯಿಂದ ಬಂದ ಒಂದು ಲಕೋಟೆಯ ಮೇಲೆ ಮಾತ್ರ ಬೇರೆ ಥರದ ಚೀಟಿ ಇತ್ತು. ರಾಜ ಒಂದು ಬದಿಗೆ ಸರಿದಿದ್ದಾನೆ, ಉಳಿದ ಜಾಗದಲ್ಲಿ ಒಬ್ಬ ಅಂಚೆಯವನು ಹೆಗಲ ಮೇಲೆ ಚೀಲ ಹೊತ್ತು ಓಡುತ್ತಿದ್ದಾನೆ. ಅದು 1937ರ ಸಾಲಿನ ಎರಡಾಣೆಯ ಚೀಟಿ ಅಂತ ಆಮೇಲೆ ಗೊತ್ತಾಯಿತು. ಆ ಸಾಲಿನಲ್ಲಿ ಎತ್ತಿನ ಗಾಡಿ, ಟಾಂಗಾ, ಒಂಟೆ, ರೈಲು, ಹಡಗು, ಲಾರಿ, ವಿಮಾನ ಎಲ್ಲ ಇವೆ, ಅಂಚೆ ಸಾಗಿಸುವ ದಾರಿಗಳೆಲ್ಲ. ಮಾವನಿಗೆ ಆ ಚೀಟಿಯ ಮೇಲೆ ಬಹಳ ಪ್ರೀತಿ. "ಇಂವ ಇಲ್ದಿದ್ರೆ ರಾಜನ ಕಾಗದವೂ ತಲುಪ್ತಿರ್ಲಿಲ್ಲ" ಅನ್ನುತ್ತಿದ್ದರು. ಗೆಜ್ಜೆ ಕಟ್ಟಿದ ಈಟಿ ಹಿಡಿದು ಘಟ್ಟದ ಕಾಡಿನಲ್ಲಿ ಓಡುತ್ತಿದ್ದ ಅಂಚೆಯವರ ಕಥೆಗಳನ್ನು ಅವರು ತಮ್ಮ ಅಜ್ಜನಿಂದ ಕೇಳಿದ್ದರು. ಆ ಚಿತ್ರದಲ್ಲಿ ಓಡುವವನ ಮುಖ ಸಾಸಿವೆಯಷ್ಟು. ಕಣ್ಣು ಮೂಗು ಏನೂ ಕಾಣುವುದಿಲ್ಲ. ಆದರೂ ಅವನು ಎಂಥವನು ಅಂತ ಗೊತ್ತಾಗುತ್ತದೆ. ಇದನ್ನು ನಾನು ಮೂರು ವಾರದ ಹಿಂದೆ ನೆನಪು ಮಾಡಿಕೊಳ್ಳಬೇಕಿತ್ತು.

ಮುಖವೇ ಬೀಗ

ಅಂಚೆಚೀಟಿಗೆ ಮೊದಲು ಮುಖ ಯಾಕೆ ಬಂತು? ವಿಕ್ಟೋರಿಯಾ ರಾಣಿಯ ಗೌರವಕ್ಕೆ ಅಂತ ನಾನು ಬಹಳ ಕಾಲ ಅಂದುಕೊಂಡಿದ್ದೆ. ಅದು ಇತ್ತು, ಇಲ್ಲ ಅಂತಲ್ಲ. ಆದರೆ ದೊಡ್ಡ ಕಾರಣ ಕಳ್ಳ ಚೀಟಿ. 1839ರಲ್ಲಿ ಇಂಗ್ಲೆಂಡಿನ ಖಜಾನೆ ಇಲಾಖೆ ಅಂಚೆಗೆ ಹೊಸ ಉಪಾಯ ಹೇಳಿ ಅಂತ ಜನರನ್ನೇ ಕೇಳಿತು. 2,600ರಷ್ಟು ಸಲಹೆಗಳು ಬಂದವು. ಅದರಲ್ಲಿ ಬೆಂಜಮಿನ್ ಚೆವರ್ಟನ್ ಅನ್ನುವ ಶಿಲ್ಪಿಯ ಮಾತು ನನಗೆ ಬಹಳ ಇಷ್ಟ. ಮನುಷ್ಯರ ಕಣ್ಣಿಗೆ ಮುಖ ನೋಡಿ ಅಭ್ಯಾಸ. ಬಳ್ಳಿ, ಹೂವು, ಅಕ್ಷರದಲ್ಲಿ ಒಂದು ಗೆರೆ ಆಚೀಚೆ ಆದರೆ ಯಾರಿಗೂ ತಿಳಿಯುವುದಿಲ್ಲ. ಮುಖದಲ್ಲಿ ಆದರೆ ತಕ್ಷಣ ತಿಳಿಯುತ್ತದೆ. ಏನು ತಪ್ಪಿದೆ ಅಂತ ಹೇಳೋಕೆ ಬರದಿದ್ದರೂ ಏನೋ ತಪ್ಪಿದೆ ಅಂತ ಅನ್ನಿಸುತ್ತದೆ. ಹಾಗಾಗಿ ಮುಖವನ್ನೇ ಬೀಗ ಮಾಡಿ ಅಂದರು.

ಇದು ನಿಜವಾ ಅಂತ ನಾನು ಒಂದು ದಿನ ಎಂಟನೇ ಕ್ಲಾಸಿನಲ್ಲಿ ನೋಡಿದೆ. ಬೋರ್ಡಿನ ಒಂದು ಕಡೆ 16 ಎಸಳಿನ ರಂಗೋಲಿ ಬರೆದೆ. ಇನ್ನೊಂದು ಕಡೆ ಒಬ್ಬ ಅಜ್ಜಿಯ ಪಕ್ಕದ ಮುಖ. ಎಲ್ಲರೂ ತಲೆ ತಗ್ಗಿಸಿ ಕಣ್ಣು ಮುಚ್ಚಿ ಅಂದೆ. ರಂಗೋಲಿಯ ಒಂದು ಎಸಳು ಅಳಿಸಿ ಉಳಿದದ್ದನ್ನು ಸ್ವಲ್ಪ ಸರಿಸಿದೆ. ಅಜ್ಜಿಯ ತುಟಿಯ ತುದಿಯನ್ನು ಸೀಮೆಸುಣ್ಣದ ಒಂದು ಗೆರೆಯಷ್ಟು ಕೆಳಗೆ ಎಳೆದೆ. ಕಣ್ಣು ಬಿಟ್ಟ ಕೂಡಲೇ ಇಡೀ ಕ್ಲಾಸು ಕೂಗಿತು, "ಅಜ್ಜಿಗೆ ಸಿಟ್ಟು ಬಂದಿದೆ ಮಿಸ್!" ರಂಗೋಲಿಯ ಎಸಳು ಕಡಿಮೆ ಆಗಿದೆ ಅಂದಿದ್ದು ಒಬ್ಬಳೇ ಹುಡುಗಿ. ಅವಳ ಮನೆಯಲ್ಲಿ ದಿನಾ ಅವಳೇ ರಂಗೋಲಿ ಹಾಕುತ್ತಾಳಂತೆ.

1840ರ ಮೇ ತಿಂಗಳಲ್ಲಿ ಪೆನ್ನಿ ಬ್ಲ್ಯಾಕ್ ಬಂತು, ಜಗತ್ತಿನ ಮೊದಲ ಅಂಚೆಚೀಟಿ. ಅದರ ಮೇಲಿನ ವಿಕ್ಟೋರಿಯಾ ಮುಖವನ್ನು ಚಾರ್ಲ್ಸ್ ಹೀತ್ ಮತ್ತು ಅವರ ಮಗ ಫ್ರೆಡರಿಕ್ ಉಕ್ಕಿನ ಮೇಲೆ ಕೊರೆದರು. ಕೊರೆಯುವುದು ಅಂದರೆ ಎಲ್ಲವೂ ಉಲ್ಟಾ. ಎಡಕ್ಕೆ ನೋಡಬೇಕಾದ ಮುಖ ಉಕ್ಕಿನಲ್ಲಿ ಬಲಕ್ಕೆ ನೋಡುತ್ತದೆ. ಮಸಿ ಕೂರುವುದು ಕೊರೆದ ಗೆರೆಯ ಒಳಗೆ. ಕೆನ್ನೆಯ ನೆರಳು ಬೇಕಿದ್ದರೆ ಗೆರೆಗಳು ಹತ್ತಿರ ಬರಬೇಕು, ಬೆಳಕು ಬೇಕಿದ್ದರೆ ದೂರ ಹೋಗಬೇಕು. ತೊಳೆದು ಬಳಿಯುವ ಬಣ್ಣ ಅಲ್ಲಿಲ್ಲ, ಬೆರಳಲ್ಲಿ ಉಜ್ಜಿ ಮೆದು ಮಾಡೋಕೂ ಆಗುವುದಿಲ್ಲ. ಕೊರೆದಿದ್ದು ಒಂದೇ ಸಲ. ಆ ಒಂದು ಮುಖವನ್ನು ಮೆತ್ತಗಿನ ಉಕ್ಕಿನ ಉರುಳೆಗೆ ಒತ್ತಿ, ಆ ಉರುಳೆಯನ್ನು ಗಟ್ಟಿ ಮಾಡಿ, ಅದರಿಂದ ಒಂದು ತಟ್ಟೆಗೆ 240 ಸಲ ಒತ್ತುತ್ತಿದ್ದರು. ಒಂದು ಹಾಳೆಗೆ 240 ಚೀಟಿ, ಅಂದರೆ ಸರಿಯಾಗಿ ಒಂದು ಪೌಂಡು. ಎಲ್ಲ ಮುಖವೂ ಒಂದೇ ಕೈಯದು.

ಪಕ್ಕದ ಮುಖವೇ ಯಾಕೆ ಅನ್ನುವುದಕ್ಕೆ ನಾಣ್ಯದ ಹಳೆಯ ರೂಢಿ ಒಂದು ಕಾರಣ. ಇನ್ನೊಂದು ಬರೆಯುವವರಿಗೆ ಗೊತ್ತಿರುವ ಕಾರಣ. ಎದುರಿಗೆ ನೋಡುವ ಮುಖವನ್ನು ಹೆಬ್ಬೆರಳಿನ ಉಗುರಿನಷ್ಟು ಸಣ್ಣದು ಮಾಡಿ ನೋಡಿ. ಎರಡು ಕಣ್ಣು ಎರಡು ಚುಕ್ಕಿ ಆಗುತ್ತವೆ, ಮೂಗು ಮಾಯ. ಪಕ್ಕದ ಮುಖದಲ್ಲಿ ಹಣೆಯಿಂದ ಗಲ್ಲದವರೆಗೆ ಒಂದೇ ಗೆರೆ ಇಳಿದು ಬರುತ್ತದೆ. ಎಷ್ಟು ಸಣ್ಣದಾದರೂ ಆ ಗೆರೆ ಉಳಿಯುತ್ತದೆ. ಚೀಟಿ ಅಂಟಿಸುವುದು ಲಕೋಟೆಯ ಬಲ ಮೂಲೆಗೆ. ಮುಖ ಎಡಕ್ಕೆ ತಿರುಗಿದರೆ ಅದು ಕಾಗದದ ಒಳಕ್ಕೆ ನೋಡುತ್ತದೆ, ವಿಳಾಸದ ಕಡೆಗೆ. ಬಲಕ್ಕೆ ತಿರುಗಿದರೆ ಲಕೋಟೆ ಬಿಟ್ಟು ಎದ್ದು ಹೊರಟ ಹಾಗೆ ಕಾಣುತ್ತದೆ. ವಿಶೇಷ ಲಕೋಟೆಯಲ್ಲಿ ಚಿತ್ರ ಇರುವುದು ಎಡಗಡೆ. ಅದಕ್ಕೆ ನನ್ನ ಚೆನ್ನಮ್ಮಾಜಿ ಬಲಕ್ಕೆ ನೋಡಬೇಕು. ಮುಂದೆ ಚೀಟಿ ಆದರೆ ಎಡಕ್ಕೆ. ನಾನು ಎರಡನ್ನೂ ಬರೆಯಬೇಕಾಗಿ ಬಂತು. ಕನ್ನಡಿಯಲ್ಲಿ ತಿರುಗಿಸಿದರೆ ಆಗುವುದಿಲ್ಲ, ಸೆರಗು ತಪ್ಪು ಹೆಗಲಿಗೆ ಹೋಗುತ್ತದೆ.

ಯಾವ ವಯಸ್ಸು

ಈಗ ನನ್ನನ್ನು ಜಾಸ್ತಿ ಕಾಡಿದ ವಿಷಯಕ್ಕೆ ಬರುತ್ತೇನೆ. ಪೆನ್ನಿ ಬ್ಲ್ಯಾಕಿನ ಮುಖ ಬಂದಿದ್ದು ವಿಲಿಯಂ ವಯನ್ ಮಾಡಿದ 1837ರ ಒಂದು ಪದಕದಿಂದ. ಆ ಪದಕಕ್ಕೆ ಆಧಾರ, ವಿಕ್ಟೋರಿಯಾ ಇನ್ನೂ 15ರ ಹುಡುಗಿಯಾಗಿದ್ದಾಗ ವಯನ್ ನೋಡಿ ಮಾಡಿಕೊಂಡ ರೂಪ. ರಾಣಿ ಸತ್ತಿದ್ದು 1901ರಲ್ಲಿ, 81ನೇ ವಯಸ್ಸಿಗೆ. ಅಲ್ಲಿಯವರೆಗೂ ಇಂಗ್ಲೆಂಡಿನ ಅಂಚೆಚೀಟಿಯ ಮೇಲೆ ಆ ಹುಡುಗಿಯೇ ಇದ್ದಳು. ನಾಣ್ಯದ ಮೇಲೆ ರಾಣಿಗೆ ವಯಸ್ಸಾಯಿತು, ಮುಸುಕು ಬಂತು, ಗಲ್ಲ ಇಳಿಯಿತು. ಚೀಟಿಯ ಮೇಲೆ ಆಗಲಿಲ್ಲ. ಒಂಬತ್ತು ಮಕ್ಕಳನ್ನು ಹೆತ್ತು, ಗಂಡನನ್ನು ಕಳೆದುಕೊಂಡು, ಮೊಮ್ಮಕ್ಕಳನ್ನು ಕಂಡ ಹೆಂಗಸು ಕಾಗದದ ಮೂಲೆಯಲ್ಲಿ ಹದಿಹರೆಯದಲ್ಲೇ ನಿಂತುಬಿಟ್ಟಳು.

ಎಲಿಜಬೆತ್ ರಾಣಿಯದೂ ಸುಮಾರು ಹಾಗೇ. ಆರ್ನಲ್ಡ್ ಮಾಚಿನ್ ಅನ್ನುವ ಶಿಲ್ಪಿ ಅವರ ಮುಖವನ್ನು ಪ್ಲಾಸ್ಟರಿನಲ್ಲಿ ಉಬ್ಬುಶಿಲ್ಪ ಮಾಡಿದರು. ಅದರ ಫೋಟೋ 1967ರ ಜೂನಿನಲ್ಲಿ ಚೀಟಿಯಾಗಿ ಬಂತು. ರಾಣಿಗೆ ಆಗ 41. ಅದೇ ಮುಖ 2022ರಲ್ಲಿ ಅವರು ತೀರಿಕೊಳ್ಳುವವರೆಗೂ ನಡೆಯಿತು. ನಡುವೆ ಬದಲಾಯಿಸುವ ಮಾತು ಬಂದಿತ್ತು, ರಾಣಿಯೇ ಬೇಡ ಅಂದರು. ಮಾಚಿನ್ ಹುಡುಗನಾಗಿದ್ದಾಗ ಪಿಂಗಾಣಿ ಕಾರ್ಖಾನೆಯಲ್ಲಿ ಬಣ್ಣ ಹಾಕುವ ಕೆಲಸ ಕಲಿತವರು. ಅದಕ್ಕೇ ಇರಬೇಕು, ಆ ಚೀಟಿಯಲ್ಲಿ ಒಂದು ಗೆರೆಯೂ ಇಲ್ಲ. ಬರೀ ಬೆಳಕು, ನೆರಳು. ದೇಶದ ಹೆಸರೂ ಇಲ್ಲ. ಇಂಗ್ಲೆಂಡಿನ ಚೀಟಿಗೆ ರಾಜರ ಮುಖವೇ ದೇಶದ ಹೆಸರು. ಮೊದಲು ಕುತ್ತಿಗೆ ಬೋಳಾಗಿತ್ತು, ಕೆಳಗೆ ಉಡುಪಿನ ಅಂಚು ಕಾಣಲಿ ಅಂತ ರಾಣಿ ಹೇಳಿ ಸೇರಿಸಿಸಿದರು ಅನ್ನುವುದು ಓದಿ ನನಗೆ ಖುಷಿಯಾಯಿತು. ಕುತ್ತಿಗೆಯನ್ನು ಎಲ್ಲಿ ನಿಲ್ಲಿಸಬೇಕು ಅನ್ನುವುದು ಬರೆಯುವವರಿಗೆ ದೊಡ್ಡ ತಲೆನೋವು. ಬರೆಸಿಕೊಂಡವರಿಗೂ ಅದು ಕಂಡಿತಲ್ಲ. 2023ರ ಏಪ್ರಿಲ್‌ನಲ್ಲಿ ಮೂರನೇ ಚಾರ್ಲ್ಸ್ ಚೀಟಿ ಬಂತು. ಕಿರೀಟ ಇಲ್ಲ. 74 ವರ್ಷದ ಮನುಷ್ಯ 74 ವರ್ಷದವರ ಹಾಗೇ ಕಾಣುತ್ತಾರೆ. ಅದನ್ನು ನೋಡಿದ ದಿನ ನನಗೆ ಸಮಾಧಾನ ಆಯಿತು.

ಸಣ್ಣ ಜಾಗದಲ್ಲಿ ಕೈ ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ದೇಶದ್ದೇ ಎರಡು ಕಥೆ ಇವೆ. 1854ರಲ್ಲಿ ಕಲ್ಕತ್ತೆಯಲ್ಲಿ ನಾಲ್ಕಾಣೆಯ ಚೀಟಿ ಮುದ್ರಿಸಿದರು. ಕೆಂಪು ಚೌಕಟ್ಟು ಒಂದು ಸಲ, ನೀಲಿ ಮುಖ ಇನ್ನೊಂದು ಸಲ. ಯಾವುದೋ ಹೊತ್ತಿನಲ್ಲಿ ಹಾಳೆ ತಿರುಗಿತು, ರಾಣಿಯ ತಲೆ ಕೆಳಗಾಯಿತು. ಇನ್ನೊಂದು ನಾಣ್ಯದ್ದು. 1911ರ ರೂಪಾಯಿಯಲ್ಲಿ ಐದನೇ ಜಾರ್ಜ್ ತೊಟ್ಟ ಪದಕದ ಸರದಲ್ಲಿ ಒಂದು ಪುಟ್ಟ ಆನೆ ಇತ್ತು. ಸೊಂಡಿಲು ಗಿಡ್ಡ ಆಗಿ ಅದು ಹಂದಿಯ ಹಾಗೆ ಕಂಡಿತು. ಜನ ನೊಂದುಕೊಂಡರು, ಸರ್ಕಾರ ನಾಣ್ಯ ವಾಪಸ್ ತೆಗೆದುಕೊಂಡು ಮರುವರ್ಷ ಸೊಂಡಿಲು ಸರಿ ಮಾಡಿತು. ಸಕ್ರೆಬೈಲಿನ ಬಿಡಾರದಲ್ಲಿ ತುಂಗೆಯ ನೀರಿಗೆ ಇಳಿಯುವ ಆನೆ ನೋಡಿದ ನಮ್ಮ ಕಡೆಯ ಯಾವ ಮಗುವೂ ಆ ತಪ್ಪು ಮಾಡುತ್ತಿರಲಿಲ್ಲ. ಎದುರಿಗೆ ಇಟ್ಟುಕೊಂಡು ಬರೆಯಬೇಕು ಅಂತ ನಾನು ಮಕ್ಕಳಿಗೆ ಯಾವಾಗಲೂ ಹೇಳುವುದು ಇದಕ್ಕೇ. ಚೆನ್ನಮ್ಮಾಜಿಯ ವಿಷಯದಲ್ಲಿ ಎದುರಿಗೆ ಇಟ್ಟುಕೊಳ್ಳೋಕೆ ನನಗೆ ಏನೂ ಇಲ್ಲ.

ನಮ್ಮ ರಾಜರು ಚೀಟಿಯಲ್ಲಿ ಇರಲಿಲ್ಲ

ಮೈಸೂರಿಗೆ ತನ್ನದೇ ಅಂಚೆ ಇತ್ತು. ಅಂಚೆ ಅನ್ನುವ ಪದವನ್ನೇ ನಾವು ಇವತ್ತಿಗೂ ಉಳಿಸಿಕೊಂಡಿದ್ದೇವೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, 1672ರ ಹೊತ್ತಿಗೆ, ಶುರುವಾದ ಆ ವ್ಯವಸ್ಥೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಸೇರಿಹೋಯಿತು. ಹಾಗಾಗಿ ಕೊಚ್ಚಿ, ತಿರುವಾಂಕೂರಿನ ರಾಜರ ಮುಖಗಳು ಅಲ್ಲಿನ ಚೀಟಿಗಳ ಮೇಲೆ ಬಂದ ಕಾಲಕ್ಕೆ, ನಮ್ಮ ಕಾಗದಗಳ ಮೇಲೆ ಇದ್ದಿದ್ದು ಲಂಡನ್ನಿನ ರಾಜನ ಮುಖ. ಒಡೆಯರು ಗೋಡೆಯ ಮೇಲಿನ ಫೋಟೋದಲ್ಲಿದ್ದರು. ಅಜ್ಜನ ಮನೆಯ ನಡುಮನೆಯಲ್ಲಿ ನಾಲ್ವಡಿಯವರ ಫೋಟೋ ದೇವರ ಸಾಲಿನಲ್ಲೇ ಇತ್ತು. ಸ್ವಾತಂತ್ರ್ಯ ಬಂದ ಮೇಲೂ ಒಂದೆರಡು ವರ್ಷ ಜಾರ್ಜ್ ಚೀಟಿ ನಡೆಯಿತು. 1949ರ ಆಗಸ್ಟ್ 15ಕ್ಕೆ ಹೊಸ ಸಾಲು ಬಂದಾಗ ರಾಜನ ಜಾಗಕ್ಕೆ ಇನ್ನೊಬ್ಬ ರಾಜ ಬರಲಿಲ್ಲ. ಕೋನಾರ್ಕದ ಕುದುರೆ, ಸಾಂಚಿಯ ಸ್ತೂಪ, ನಟರಾಜ ಬಂದವು. ಆರಾಣೆಗೆ ನಮ್ಮ ಬಿಜಾಪುರದ ಗೋಳಗುಮ್ಮಟ ಬಂತು. ಮುಖ ಹೋಗಿ ಕಲ್ಲು ಬಂತು. ಅಜ್ಜನ ತಂತಿಯಲ್ಲಿ ಆ ಬದಲಾವಣೆ ಯಾವ ಕಾಗದದಿಂದ ಶುರು ಅಂತ ಬೆರಳಿಟ್ಟು ತೋರಿಸಬಹುದಿತ್ತು.

ಚೆನ್ನಮ್ಮಾಜಿ ಬಗ್ಗೆ ನಮಗೆ ಗೊತ್ತಿರುವುದು ಅವರು ಮಾಡಿದ ಕೆಲಸಗಳಿಂದ. ಗಂಡ ಸೋಮಶೇಖರ ನಾಯಕರು ಹೋದ ಮೇಲೆ ರಾಜ್ಯ ಹಿಡಿದರು. ಎರಡು ದಶಕಕ್ಕೂ ಜಾಸ್ತಿ ಆಳಿದರು. ಬಸವಪ್ಪ ನಾಯಕರನ್ನು ದತ್ತು ತೆಗೆದುಕೊಂಡು ಬೆಳೆಸಿದರು. 1689ರಲ್ಲಿ ಶಿವಾಜಿಯ ಮಗ ರಾಜಾರಾಮ ಮೊಗಲರಿಂದ ತಪ್ಪಿಸಿಕೊಂಡು ಜಿಂಜಿಗೆ ಹೊರಟಾಗ ಅವನಿಗೆ ಆಶ್ರಯ ಕೊಟ್ಟು ದಾಟಿಸಿದರು, ಔರಂಗಜೇಬನ ಸೈನ್ಯ ಬರುತ್ತದೆ ಅಂತ ಗೊತ್ತಿದ್ದೇ. ಸೈನ್ಯ ಬಂತು. ರಾಜ್ಯ ಉಳಿಯಿತು. ಅಷ್ಟು ಹೊತ್ತಿಗೆ ಅವರು ಹತ್ತು ವರ್ಷಕ್ಕಿಂತ ಜಾಸ್ತಿ ಆಳಿ ಪಳಗಿದ ಹೆಂಗಸು. ನಮ್ಮ ಬ್ಯಾನರುಗಳಲ್ಲಿ ಅವರಿಗೆ 20 ದಾಟಿರುವುದಿಲ್ಲ. ನಾನು ಮೊದಲು ಕಳಿಸಿದ ಚಿತ್ರದಲ್ಲಿ ಕಿವಿಯ ಮೇಲೆ ಮೂರು ಬಿಳಿ ಕೂದಲು ಇಟ್ಟಿದ್ದೆ. ಹಣೆಗೆ ವಿಭೂತಿ. ಸಂಜೆಗೇ ಫೋನ್ ಬಂತು. "ಮೇಡಂ, ಅಜ್ಜಿ ಥರ ಕಾಣ್ತಾರಲ್ಲ? ಕತ್ತಿ ಎಲ್ಲಿ? ಕಿರೀಟ ಎಲ್ಲಿ?" ಅವರ ಪ್ರೀತಿ ನನಗೆ ಅರ್ಥ ಆಗುತ್ತದೆ. ನಮ್ಮ ರಾಣಿ ಚಂದ ಕಾಣಬೇಕು ಅನ್ನುವ ಆಸೆ ಅದು. ಆದರೆ ಮಗನ ವಯಸ್ಸಿನ ಒಬ್ಬ ಹುಡುಗ ಪ್ರಾಣ ಉಳಿಸಿ ಅಂತ ಬಂದು ನಿಂತಾಗ "ಇರು" ಅಂದ ಬಾಯಿ 20ರ ಹುಡುಗಿಯದಲ್ಲ. ವಿಕ್ಟೋರಿಯಾಗೆ ಮಾಡಿದ್ದನ್ನು ನಾನು ಇವರಿಗೆ ಮಾಡಲಾರೆ.

ಇಕ್ಕೇರಿಯ ನೆಲ

ಮಳೆ ಸ್ವಲ್ಪ ಹೊಳವಾದ ಒಂದು ಭಾನುವಾರ ಸ್ಕೂಟರ್ ತೆಗೆದುಕೊಂಡು ಇಕ್ಕೇರಿಗೆ ಹೋದೆ. ಅಘೋರೇಶ್ವರನ ಗುಡಿ ನನಗೆ ಹೊಸದಲ್ಲ, ಪ್ರತಿ ವರ್ಷ ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ. ಆವತ್ತು ಯಾರೂ ಇರಲಿಲ್ಲ. ಕಲ್ಲಿನ ನೆಲ ಥಂಡಿಗೆ ಬೆವೆತಿತ್ತು, ಬರಿಗಾಲಿಗೆ ಜಾರುತ್ತಿತ್ತು. ಗರ್ಭಗುಡಿಯ ಮುಂದೆ ನೆಲದಲ್ಲಿ ಕೆಳದಿಯ ಮೂವರು ನಾಯಕರನ್ನು ಕೆತ್ತಿದ್ದಾರೆ. ದೇವರಿಗೆ ನಮಸ್ಕಾರ ಮಾಡುತ್ತಿದ್ದಾರೆ. ಮೇಲೆ ಹೆಸರು ಇದೆ. ನಿಂತು ನೋಡಿದರೆ ಸರಿಯಾಗಿ ಕಾಣುವುದಿಲ್ಲ. ನಾನು ಕೂತೆ. ಆಮೇಲೆ ಮೊಣಕಾಲೂರಿ ಬಾಗಿದೆ. ಅಷ್ಟು ಬಾಗಿದ ಮೇಲೆ ತಿಳಿಯಿತು, ಆ ಕೆತ್ತನೆ ನೋಡುವವರು ತಾವೂ ಅದೇ ಭಂಗಿಗೆ ಬರಬೇಕು.

ಮುಖ ಹುಡುಕಿದೆ. ಇಲ್ಲ. ಕಣ್ಣು, ಮೂಗು ಅಂತ ಇದ್ದಿದ್ದು ಎಷ್ಟು ಸವೆದಿದೆಯೋ, ಎಷ್ಟನ್ನು ಕೆತ್ತಲೇ ಇಲ್ಲವೋ. ಆ ಮೂವರು ನೋಡೋಕೆ ಹೇಗಿದ್ದರು ಅಂತ ಆ ಕಲ್ಲು ಹೇಳುವುದಿಲ್ಲ. ಆದರೆ ಚಾಚಿದ ಕೈ, ಬೆನ್ನಿನ ಗೆರೆ, ನೆಲಕ್ಕೆ ತಾಗಿದ ಮೈ, ಇವು ಇನ್ನೂ ಇವೆ. ಒಬ್ಬರ ಕೈಕಾಲಿಗೆ ಬೇಡಿ ಇದೆ. ರಾಜನನ್ನು ಬೇಡಿಯ ಸಮೇತ ದೇವರ ಮುಂದೆ ಮಲಗಿಸಿದ ಶಿಲ್ಪಿಗೆ ಎಷ್ಟು ಧೈರ್ಯ, ಎಷ್ಟು ಕರುಣೆ ಇದ್ದಿರಬೇಕು! ನಾಣ್ಯ ಮಾಡುವವನು ರಾಜನ ತಲೆಯನ್ನು ಎತ್ತಿ ಹಿಡಿದ. ಇಲ್ಲಿಯವನು ನೆಲಕ್ಕೆ ತಂದ, ಜನ ಓಡಾಡುವ ಕಡೆಗೆ. ಇದೇ ಗುಡಿಯ ಎರಡು ಕಂಬದ ನಡುವಿನ ಅಂತರವೇ ಅಡಿಕೆ ತೋಟ ಅಳೆಯುವ ಗಳೆಗೆ ಅಳತೆ ಅಂತ ನಮ್ಮ ಕಡೆಯ ಹಿರಿಯರು ಹೇಳುತ್ತಾರೆ. ನಾಯಕರ ಮುಖ ನಮ್ಮ ಹತ್ತಿರ ಉಳಿಯಲಿಲ್ಲ. ಅವರು ಹಾಕಿದ ಅಳತೆ ನಮ್ಮ ತೋಟದಲ್ಲಿದೆ.

ಬರುವಾಗ ಪೇಟೆಯಲ್ಲಿ ಗುಡಿಗಾರರ ಮನೆಗೆ ಹೋದೆ. ಗಂಧದಲ್ಲಿ ಕೆತ್ತುವ ಹಿರಿಯರು, ನನ್ನ ಹಳೆಯ ಶಿಷ್ಯನ ಅಜ್ಜ. ಬಾಗಿಲ ಬೆಳಕಿಗೆ ಮೈ ಕೊಟ್ಟು, ಅಂಗೈಯಗಲದ ಒಂದು ಗಂಧದ ಹಲಗೆಯಲ್ಲಿ ಸರಸ್ವತಿಯನ್ನು ಬಿಡಿಸುತ್ತಿದ್ದರು. ಬೆರಳಿನಷ್ಟು ಉದ್ದದ ಉಳಿ. ಮಡಿಲ ತುಂಬ ಗಂಧದ ಪುಡಿ. ದೇವಿಯ ಕೈ, ವೀಣೆ, ಸೀರೆಯ ನೆರಿಗೆ ಎಲ್ಲ ಆಗಿತ್ತು, ಮುಖ ಇನ್ನೂ ಮೊಟ್ಟೆಯ ಹಾಗೆ ನುಣ್ಣಗಿತ್ತು. ನನ್ನ ಹಾಳೆ ತೋರಿಸಿದೆ. ಅವರು ಕನ್ನಡಕ ಮೇಲೆ ಸರಿಸಿ ಬಹಳ ಹೊತ್ತು ನೋಡಿದರು. "ಮುಖ ಕೊನೆಗೆ ಮಾಡಬೇಕು ಅಕ್ಕೋರೇ" ಅಂದರು. "ನೀವು ಮೊದಲೇ ಮಾಡಕ್ಕೆ ಹೋಗೀರಿ. ಮೊದಲು ಕುತ್ತಿಗೆ ಎತ್ತ ಬಾಗ್ತದೆ ನೋಡಿ. ಕುತ್ತಿಗೆ ಸರಿ ಬಂತು ಅಂದ್ರೆ ಮುಖ ತಾನೇ ಬರ್ತದೆ. ಮುಖ ಚಂದ ಮಾಡಿ ಕುತ್ತಿಗೆ ತಪ್ಪಿದ್ರೆ ಗೊಂಬೆ ಆಗ್ತದೆ." ಆಮೇಲೆ ಉಳಿಯ ಹಿಂಬದಿಯಿಂದ ನನ್ನ ಚಿತ್ರದ ಕುತ್ತಿಗೆಯನ್ನು ಮುಟ್ಟಿ ತೋರಿಸಿದರು. ನಾನು ಅದನ್ನು ನೆಟ್ಟಗೆ, ಕಂಬದ ಹಾಗೆ ಬರೆದಿದ್ದೆ. ಪೆನ್ನಿ ಬ್ಲ್ಯಾಕಿನ ಕುತ್ತಿಗೆ ಅದು. ಗೊತ್ತಿಲ್ಲದೆ ನನ್ನ ಕೈಗೆ ಬಂದುಬಿಟ್ಟಿತ್ತು.

ಆ ರಾತ್ರಿ ಕರೆಂಟ್ ಇರಲಿಲ್ಲ. ಎಮರ್ಜೆನ್ಸಿ ದೀಪ ಹಚ್ಚಿಕೊಂಡು ಹೊಸ ಹಾಳೆ ತೆಗೆದೆ. ಮುಖ ಬರೆಯಲಿಲ್ಲ. ಒಬ್ಬ ಹೆಂಗಸು ಕೂತು ಎದುರಿಗೆ ನಿಂತವನ ಮಾತು ಕೇಳುತ್ತಿದ್ದಾಳೆ, ಅವಳ ಕುತ್ತಿಗೆ ಹೇಗಿರುತ್ತದೆ ಅಂತ ಮಾತ್ರ ಯೋಚಿಸಿದೆ. ಸ್ವಲ್ಪ ಮುಂದಕ್ಕೆ, ಸ್ವಲ್ಪ ಕೆಳಕ್ಕೆ ಬಾಗಿರುತ್ತದೆ. ಕಿವಿ ಕೊಟ್ಟವರ ಕುತ್ತಿಗೆ ಹಾಗೇ ಇರುವುದು. ನಮ್ಮ ಅಮ್ಮ ಹಿತ್ತಿಲ ಬಾಗಿಲಿಗೆ ಕಷ್ಟ ಹೇಳಿಕೊಂಡು ಬಂದವರ ಮುಂದೆ ಕೂರುತ್ತಿದ್ದ ಹಾಗೆ. ಸೆರಗು ತಲೆಯ ಮೇಲಿಂದ ಇಳಿದು ಹೆಗಲಿಗೆ ಬಂತು. ಕುತ್ತಿಗೆಯನ್ನು ಕತ್ತರಿಸುವ ಪ್ರಶ್ನೆಯೇ ಉಳಿಯಲಿಲ್ಲ, ಸೆರಗೇ ಅದನ್ನು ಮುಗಿಸಿತು. ಕೆಳಗೆ ಒಂದು ಕೈ ಬರೆದೆ, ಅಂಗೈ ಸ್ವಲ್ಪ ತೆರೆದಿದೆ. ಕೊನೆಗೆ ಹಣೆಯಿಂದ ಗಲ್ಲದವರೆಗೆ ಒಂದೇ ಗೆರೆ ಎಳೆದೆ. ಕಣ್ಣಿಗೆ ರೆಪ್ಪೆ ಮಾತ್ರ. ಹಣೆಯ ಮೇಲೆ ವಿಭೂತಿಯ ಜಾಗವನ್ನು ಖಾಲಿ ಬಿಟ್ಟೆ, ಕಾಗದದ ಬಿಳಿಯೇ ವಿಭೂತಿ ಆಯಿತು. ಅದನ್ನು ಫೋಟೋ ತೆಗೆದು ಫೋನಿನಲ್ಲಿ ಉಗುರಿನಷ್ಟು ಸಣ್ಣದು ಮಾಡಿದೆ. ರೆಪ್ಪೆ ಹೋಯಿತು, ಬೆರಳುಗಳು ಒಂದಾದವು. ಬಾಗಿದ್ದು ಮಾತ್ರ ಹಾಗೇ ಇತ್ತು.

ಸಮಿತಿಯವರು ನಾಲ್ಕು ದಿನ ಏನೂ ಹೇಳಲಿಲ್ಲ. ಐದನೇ ದಿನ ಇಬ್ಬರು ಮನೆಗೇ ಬಂದರು. ಕಾಫಿ ಕುಡಿದರು. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಅವರಲ್ಲಿ ಹಿರಿಯರು, ಕತ್ತಿ ಕೇಳಿದ್ದವರೇ, ಆ ಕೈಯನ್ನು ತೋರಿಸಿ "ಇದು ಯಾರಿಗೆ?" ಅಂದರು. ರಾಜಾರಾಮನಿಗೆ ಅಂದೆ. ಅವರು ಮತ್ತೆ ಕತ್ತಿಯ ಮಾತು ಎತ್ತಲಿಲ್ಲ. ಕಿರೀಟವೂ ಹೋಯಿತು. ಎದ್ದು ಹೊರಡುವಾಗ ಬಾಗಿಲಲ್ಲಿ ನಿಂತು, "ಮೇಡಂ, ಆ ಬಿಳಿ ಕೂದಲು ಮಾತ್ರ ಸ್ವಲ್ಪ ನೋಡಿ" ಅಂದರು. ಈ ಚಿತ್ರದಲ್ಲೂ ಕಿವಿಯ ಮೇಲೆ ಮೂರು ಇಟ್ಟಿದ್ದೆ. ಅವರು ಹೋದ ಮೇಲೆ ರಬ್ಬರ್ ತೆಗೆದುಕೊಂಡು ಕೂತೆ. ಒಂದನ್ನು ಅಳಿಸಿದೆ. ಎರಡು ಇದೆ.